ಆ ಗೋಪುರಗಳು ನಿಜವಾಗಲೂ ಹಳೆಯವಾ? ಲುಕ್ಕಾದಿಂದ ಸಿಯೆನಾಗೆ ನಡೆಯಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ನಾನು ಶಿವಮೊಗ್ಗದವಳು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾಗಿದ್ದೇನೆ, ವಯಸ್ಸು 62. ಮಗಳು ಇಟಲಿಯ ಮಿಲಾನ್‌ನಲ್ಲಿದ್ದಾಳೆ. ಬರುವ ವರ್ಷ ಅವಳ ಮನೆಗೆ ಹೋದಾಗ ನಾನೂ ನಮ್ಮ ಯಜಮಾನರೂ (66 ವರ್ಷ, ಒಂದು ಮಂಡಿ ನೋವಿದೆ) ರೋಮ್‌ಗೆ ಹೋಗುವ ವಿಯಾ ಫ್ರಾಂಚೀಜೆನಾ ಎಂಬ ಹಳೇ ಯಾತ್ರಾದಾರಿಯಲ್ಲಿ ಲುಕ್ಕಾದಿಂದ ಸಿಯೆನಾವರೆಗೆ ನಡೆಯಬೇಕು ಅಂದುಕೊಂಡಿದ್ದೇವೆ. ಟೂರ್ ಏಜೆಂಟ್ ಒಬ್ಬರು "ರೋಮನ್ನರು ಹಾಸಿದ ಕಲ್ಲುದಾರಿ, ಊರು ಮಠ ಎಲ್ಲ ಇದ್ದ ಹಾಗೇ ಇವೆ" ಅಂತಾರೆ. ಅಲ್ಲಿಗೆ ಹೋಗಿಬಂದ ಅಳಿಯನ ಸ್ನೇಹಿತರು "ಎಲ್ಲ ಪ್ರವಾಸಿಗರಿಗೋಸ್ಕರ ಹೊಸದಾಗಿ ಕಟ್ಟಿದ್ದು, ಮೊಂತೆರಿಜ್ಜೋನಿ ಎಂಬ ಕೋಟೆ ಊರಂತೂ ಸಿನಿಮಾ ಸೆಟ್" ಅಂತಾರೆ. ಯಾವುದು ನಿಜ? ಇನ್ನೊಂದು, ನಾವು ಕ್ರೈಸ್ತರಲ್ಲ, ಸಸ್ಯಾಹಾರಿಗಳು. ಮಠದ ತಂಗುದಾಣದಲ್ಲಿ ಉಳಿಯಲು ಬಿಡುತ್ತಾರಾ? ಅಷ್ಟು ದೂರ ಹೋಗಿ ನಕಲು ನೋಡಿಕೊಂಡು ಬಂದ ಹಾಗೆ ಆಗಬಾರದು.

ಉತ್ತರ:

ಮೇಡಂ, ನಿಮ್ಮ ಪತ್ರದ ಕೊನೇ ಸಾಲೇ ನಿಮ್ಮ ನಿಜವಾದ ಆತಂಕ ಅನಿಸಿತು. ಮಂಡಿನೋವು, ಊಟ, ತಂಗುದಾಣ ಇವಕ್ಕೆಲ್ಲ ದಾರಿ ಸಿಗುತ್ತದೆ. ಆದರೆ ನೋಡುವುದು ಅಸಲಿಯೋ ನಕಲಿಯೋ ಎಂಬ ಅನುಮಾನ ಮನಸ್ಸಿನಲ್ಲಿ ಕೂತರೆ ಒಂದೊಂದು ಗೋಡೆಯ ಮುಂದೆಯೂ ಅದೇ ಕಾಡುತ್ತದೆ. ಹಳೇ ಕಲ್ಲುಕಟ್ಟಡಗಳ ದುರಸ್ತಿ ನನ್ನ ಕೆಲಸ. ಲುಕ್ಕಾ, ಸಿಯೆನಾ ಇರುವ ತಸ್ಕನಿ ಪ್ರಾಂತ್ಯದಲ್ಲಿ ಕೆಲವು ವರ್ಷ ಆ ಕೆಲಸವನ್ನೇ ಮಾಡಿದ್ದೇನೆ, ನೀವು ಹೇಳಿದ ದಾರಿಯಲ್ಲಿ ಹಲವು ಸಲ ನಡೆದಿದ್ದೇನೆ. ಅದಕ್ಕೇ ನೇರವಾಗಿ ಹೇಳುತ್ತೇನೆ: ಏಜೆಂಟ್ ಹೇಳಿದ್ದೂ ತಪ್ಪು, ಅಳಿಯನ ಸ್ನೇಹಿತರು ಹೇಳಿದ್ದೂ ತಪ್ಪು. ಎರಡನೆಯದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದಾರಿಯ ವಿಷಯ. ಲುಕ್ಕಾ–ಸಿಯೆನಾ ನಡುವೆ ನೀವು ನಡೆಯುವುದು ರೋಮನ್ನರ ಹೆದ್ದಾರಿಯಲ್ಲ. ರೋಮನ್ನರ ಎರಡು ದೊಡ್ಡ ರಸ್ತೆಗಳಲ್ಲಿ ಔರೇಲಿಯಾ ಕಡಲ ಪಕ್ಕ ಹೋಗುತ್ತಿತ್ತು, ಕಾಸ್ಸಿಯಾ ಇನ್ನೂ ಪೂರ್ವಕ್ಕೆ ಇತ್ತು. ರೋಮ್ ಸಾಮ್ರಾಜ್ಯ ಬಿದ್ದಮೇಲೆ 6ನೇ ಶತಮಾನದಲ್ಲಿ ಲಂಗೋಬಾರ್ದರು ಎಂಬ ಜರ್ಮನಿಕ್ ಜನ ಉತ್ತರ ಇಟಲಿ ಹಿಡಿದರು. ಕರಾವಳಿ ಮತ್ತು ಪೂರ್ವದ ರಸ್ತೆಗಳು ಬಹುಕಾಲ ಬೈಜಾಂಟೈನ್‌ನವರ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರ, ಕೈಯಲ್ಲಿದ್ದವು. ಶತ್ರುವಿನ ರಸ್ತೆಯಲ್ಲಿ ಸೈನ್ಯ ಕಳಿಸೋಕೆ ಆಗುತ್ತಾ? ಹಾಗಾಗಿ ಅವರು ಅಪೆನ್ನೈನ್ ಬೆಟ್ಟಗಳನ್ನು ಈಗ ಚೀಸಾ ಎನ್ನುವ ಕಣಿವೆಯಲ್ಲಿ ದಾಟಿ, ಲುಕ್ಕಾಗೆ ಇಳಿದು, ಅಲ್ಲಿಂದ ಗುಡ್ಡಸಾಲುಗಳ ಮೇಲೆ ದಕ್ಷಿಣಕ್ಕೆ ಹೋಗುವ ದಾರಿ ಮಾಡಿಕೊಂಡರು. ಆಮೇಲೆ ಈಗಿನ ಫ್ರಾನ್ಸ್ ಕಡೆಯಿಂದ ಫ್ರಾಂಕರು ಬಂದರು, ಅವರ ನಾಡಿನಿಂದ ಬರುವ ದಾರಿ ಅಂತ ಫ್ರಾಂಚೀಜೆನಾ ಎಂಬ ಹೆಸರು ಬಂತು. ಆ ಹೆಸರು 876ರ ಒಂದು ದಾಖಲೆಯಲ್ಲಿ ಸಿಗುತ್ತದೆ.

ಇನ್ನೊಂದು ಮಾತು, ಅದು ಒಂದೇ ದಾರಿ ಅಲ್ಲ. ತಗ್ಗಿನಲ್ಲಿ ಜವುಗು, ಮಲೇರಿಯಾ. ಮಳೆಗಾಲದಲ್ಲಿ ಒಂದು ಕಡೆ ಹೋದರೆ ಬೇಸಿಗೆಯಲ್ಲಿ ಇನ್ನೊಂದು ಕಡೆ. ಯಾವುದೋ ಊರಿನ ದೊರೆ ಸುಂಕ ಜಾಸ್ತಿ ಮಾಡಿದರೆ ಜನ ಪಕ್ಕದ ಗುಡ್ಡ ಸುತ್ತಿ ಹೋಗುತ್ತಿದ್ದರು. ಎಲ್ಲರೂ ಯಾತ್ರಿಕರೂ ಅಲ್ಲ. ಉಣ್ಣೆ ವ್ಯಾಪಾರಿ, ಸೈನಿಕ, ಪತ್ರ ಒಯ್ಯುವವ ಎಲ್ಲ ಇದೇ ದಾರಿ ಹಿಡಿದವರು. ಹಾಗಾದರೆ ಈಗ ಬೋರ್ಡ್ ಹಾಕಿರುವ ದಾರಿ ಯಾವುದು ಅಂತ ಕೇಳುತ್ತೀರಿ. ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರಲ್ಲಿ ಪೋಪರನ್ನು ಕಂಡು ಊರಿಗೆ ಹಿಂದಿರುಗುವಾಗಿನ ತಂಗುದಾಣಗಳ ಒಂದು ಪಟ್ಟಿ ಉಳಿದಿದೆ, ಬರೀ ಊರ ಹೆಸರುಗಳು, ಸುಮಾರು 80. ಹಿಂದಿರುಗುವ ಪ್ರಯಾಣವಾದ್ದರಿಂದ ಎಣಿಕೆ ರೋಮ್‌ನಿಂದ ಶುರು: ಸಿಯೆನಾ 15, ಸಾನ್ ಜಿಮಿನ್ಯಾನೊ 19, ಲುಕ್ಕಾ 26. 1994ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದನ್ನು ಸಾಂಸ್ಕೃತಿಕ ಮಾರ್ಗ ಎಂದು ಗುರುತಿಸಿತು. ಈಗಿನ ದಾರಿ ಆ ಪಟ್ಟಿಯ ಊರುಗಳನ್ನು ಕೂಡಿಸಿ, ಲಾರಿ ಓಡುವ ರಸ್ತೆ ತಪ್ಪಿಸಿ ಎಳೆದ ಗೆರೆ. ಇದರಲ್ಲಿ ಮೋಸ ಏನಿಲ್ಲ. ಊರು ಅಸಲಿ, ನಡುವಿನ ಕಾಲುದಾರಿ ಇವತ್ತಿನದು. ಹಳೇ ಕಲ್ಲುಹಾಸು ಬೇಕೇ ಬೇಕು ಅಂದರೆ ಲುಕ್ಕಾ ಬಿಟ್ಟ ಮೇಲೆ ಸಿಗುವ ಆಲ್ತೊಪಾಶೊ ಊರು ದಾಟಿ ಗಲ್ಲೇನೊ ಎಂಬ ಹಳ್ಳಿಯ ಹತ್ತಿರ ಕಾಡಿನೊಳಗೆ ಒಂದು ಸಣ್ಣ ತುಂಡು ಉಳಿದಿದೆ, ಕಾಲಿಟ್ಟು ನೋಡಬಹುದು.

ಈಗ ಕಟ್ಟಡಗಳಿಗೆ ಬರೋಣ, ಹೇಳೋದು ಜಾಸ್ತಿ ಇರುವುದು ಇಲ್ಲೇ.

ಮೊಂತೆರಿಜ್ಜೋನಿ ಸೆಟ್ ಅಲ್ಲ. ಫ್ಲಾರೆನ್ಸ್ ಮೇಲೆ ಕಣ್ಣಿಡೋಕೆ ಸಿಯೆನಾದವರು ಅದನ್ನು 1213ರಿಂದ ಕೆಲವೇ ವರ್ಷಗಳಲ್ಲಿ ಕಟ್ಟಿದರು. ಗುಡ್ಡದ ತಲೆಗೆ ಕಿರೀಟ ಇಟ್ಟ ಹಾಗೆ ಸುಮಾರು 570 ಮೀಟರ್ ಸುತ್ತಳತೆಯ ಗೋಡೆ, 14 ಗೋಪುರ. ಕವಿ ದಾಂತೆ ನರಕದ ರಾಕ್ಷಸರನ್ನು ಈ ಗೋಪುರಗಳಿಗೆ ಹೋಲಿಸಿದ್ದಾನೆ, ಅಂದರೆ 14ನೇ ಶತಮಾನದ ಶುರುವಿನಲ್ಲಿ ಅವು ಅಷ್ಟು ಎತ್ತರ ಎದ್ದು ಕಾಣುತ್ತಿದ್ದವು. ಆಮೇಲೆ ಫಿರಂಗಿ ಬಂತು. ಎತ್ತರದ ಗೋಪುರ ಗುಂಡಿಗೆ ಸುಲಭದ ಗುರಿ, ಹಾಗಾಗಿ ಗೋಪುರಗಳನ್ನು ಗೋಡೆಯ ಮಟ್ಟಕ್ಕೆ ಇಳಿಸಿದರು. ನೀವು ಫೋಟೋದಲ್ಲಿ ನೋಡುವ, ಗೋಡೆಗಿಂತ ಮೇಲೆ ಚಾಚಿರುವ ಭಾಗವನ್ನು 20ನೇ ಶತಮಾನದ ಮೊದಲ ದಶಕಗಳಲ್ಲಿ ಮರಳಿ ಕಟ್ಟಿದ್ದು. ಸ್ನೇಹಿತರ ಮಾತಿನಲ್ಲಿ ನಿಜ ಇರುವುದು ಇಷ್ಟೇ. ಕೆಳಗಿನ ಗೋಡೆ 800 ವರ್ಷದ್ದು, ಅದರ ಬಗ್ಗೆ ಅನುಮಾನ ಬೇಡ.

ಇದೇ ರೀತಿ ಇನ್ನೂ ಕೆಲವು. ಲುಕ್ಕಾದ ಪ್ರಸಿದ್ಧ ಕೋಟೆಗೋಡೆ, ಅದರ ಮೇಲೆ ಜನ ಸೈಕಲ್ ಹೊಡೆಯುವುದನ್ನು ನೋಡಿರುತ್ತೀರಿ, ಮಧ್ಯಯುಗದ್ದಲ್ಲ. 16 ಮತ್ತು 17ನೇ ಶತಮಾನದಲ್ಲಿ ಕಟ್ಟಿದ್ದು. ದಾರಿಯಲ್ಲಿ ಸಿಗುವ ಸಾನ್ ಮಿನಿಯಾತೊ ಊರಿನ ಗುಡ್ಡದ ಮೇಲೆ ದೂರದಿಂದ ಕಾಣುವ ಚಕ್ರವರ್ತಿ 2ನೇ ಫ್ರೆಡರಿಕನ ಗೋಪುರವನ್ನು 1944ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಸ್ಫೋಟಿಸಿತು. ಈಗಿರುವುದು 1958ರಲ್ಲಿ ಮರಳಿ ಎಬ್ಬಿಸಿದ್ದು. ಸಿಯೆನಾ ಕೆಥೆಡ್ರಲ್‌ನ (ಊರಿನ ಮುಖ್ಯ ಚರ್ಚ್) ಮುಂಭಾಗದ ಗೋಡೆಯಲ್ಲಿ ಮೇಲೆ ಹೊಳೆಯುವ ಮೊಸಾಯಿಕ್ 19ನೇ ಶತಮಾನದ್ದು, ಅದೇ ಗೋಡೆಯಲ್ಲಿದ್ದ ಶಿಲ್ಪಿ ಜೊವಾನ್ನಿ ಪಿಸಾನೊನ ಮೂಲ ಶಿಲ್ಪಗಳು ಪಕ್ಕದ ಮ್ಯೂಸಿಯಂನಲ್ಲಿವೆ. ಹೊರಗೆ ನಿಂತಿರುವುದು ಪ್ರತಿಗಳು.

ಇದನ್ನೆಲ್ಲ ಓದಿ ಬೇಜಾರು ಮಾಡಿಕೊಳ್ಳಬೇಡಿ. ಕಲ್ಲಿನ ಕಟ್ಟಡ ನೂರಾರು ವರ್ಷ ನಿಲ್ಲುವುದೇ ಯಾರಾದರೂ ಆಗಾಗ ಕೈ ಹಾಕುವುದರಿಂದ. ಸೂರು ಸೋರಿದರೆ ಹೆಂಚು ಬದಲಿಸಲೇಬೇಕು, ಬಿರುಕು ಬಿಟ್ಟರೆ ಕಲ್ಲು ಕೂರಿಸಲೇಬೇಕು. ನಮಗೆ ಬೇಕಾದದ್ದು ಯಾವುದು ಯಾವಾಗಿನದು ಎಂದು ಗುರುತಿಸುವ ಕಣ್ಣು. ಅದು ಕಲಿಯುವಂಥದ್ದೇ. ಗೋಡೆಯ ಹತ್ತಿರ, ಒಂದು ಮೊಳ ದೂರಕ್ಕೆ ಹೋಗಿ ನಿಲ್ಲಿ. ಉಳಿಯ ಏಟು ಕಲ್ಲಿನಿಂದ ಕಲ್ಲಿಗೆ ಬೇರೆ ಬೇರೆ ದಿಕ್ಕಿನಲ್ಲಿ ಓಡಿದ್ದರೆ ಕೈಕೆಲಸ, ಎಲ್ಲ ಕಲ್ಲಿನಲ್ಲೂ ಒಂದೇ ಅಂತರದ ನೇರ ಗೆರೆ ಇದ್ದರೆ ಮಷಿನ್ ಕೆಲಸ. ಸಂದಿಯಲ್ಲಿ ಬಿಳಿ ಅಥವಾ ಹಳದಿ ಛಾಯೆಯ, ಮರಳಿನ ಕಾಳು ಕಾಣುವ ಗಾರೆ ಇದ್ದರೆ ಸುಣ್ಣದ್ದು. ಬೂದು ಬಣ್ಣದ ಗಟ್ಟಿ ಸಿಮೆಂಟ್ ಆದರೆ ಕಳೆದ 100–150 ವರ್ಷದೊಳಗಿನ ತೇಪೆ. ಗೋಡೆಯಲ್ಲಿ ಸಾಲಾಗಿ ಚೌಕ ತೂತುಗಳು ಕಂಡರೆ ಗುಂಡಿನ ಏಟು ಅಂದುಕೊಳ್ಳಬೇಡಿ. ಅವು ಕಟ್ಟುವಾಗ ಸಾರುವೆಯ ಮರ ಕೂರಿಸಲು ಬಿಟ್ಟದ್ದು, ಹಳೇ ಗೋಡೆಯ ಒಳ್ಳೇ ಗುರುತು. ಮತ್ತೆ ಮುಚ್ಚಿದ ಬಾಗಿಲು, ಅರ್ಧ ಮುಚ್ಚಿದ ಕಮಾನು, ಕಲ್ಲಿನ ನಡುವೆ ಇದ್ದಕ್ಕಿದ್ದ ಹಾಗೆ ಶುರುವಾಗುವ ಇಟ್ಟಿಗೆ. ಇವು ಇದ್ದಷ್ಟೂ ಗೋಡೆ ಹೆಚ್ಚು ಬದುಕಿದೆ ಅಂತ ಅರ್ಥ. ಎಲ್ಲ ಕಡೆ ಒಂದೇ ಸಮ, ಚೊಕ್ಕಟವಾಗಿ ಕಂಡರೆ ಅನುಮಾನ ಪಡಿ.

ಮೊಂತೆರಿಜ್ಜೋನಿಗೆ 3–4 ಕಿಲೋಮೀಟರ್ ಮೊದಲೇ ಅಬ್ಬಾದಿಯಾ ಆ ಈಸೊಲಾ ಎಂಬ ಮಠ ಸಿಗುತ್ತದೆ. ಕಣ್ಣಿಗೆ ಅಭ್ಯಾಸ ಆಗೋದು ಇಲ್ಲಿ. 1001ರಲ್ಲಿ ಆವಾ ಎಂಬ ಶ್ರೀಮಂತ ಮನೆತನದ ವಿಧವೆ ಇದನ್ನು ಸ್ಥಾಪಿಸಿದಳು. ಈಸೊಲಾ ಅಂದರೆ ದ್ವೀಪ. ಸುತ್ತ ಜವುಗು ನೀರಿತ್ತು, ನಡುವೆ ಇದೊಂದು ಒಣ ದಿಬ್ಬ, ಅದಕ್ಕೆ ಆ ಹೆಸರು. ಸಿಗೆರಿಕ್‌ನ ಪಟ್ಟಿಯ 16ನೇ ತಂಗುದಾಣ ಇದೇ ಜಾಗ, ಅವನು ಬಂದಾಗ ಮಠ ಇನ್ನೂ ಹುಟ್ಟಿರಲಿಲ್ಲ. ದಾರಿ ಮೊದಲು, ಮಠ ಆಮೇಲೆ. ಚರ್ಚಿನ ಮುಂಭಾಗದಲ್ಲಿ ನಿಂತು ನೋಡಿ, ಜೋಡಿ ಬಾಗಿಲಿದ್ದ ಗುರುತು ಗೋಡೆಯೊಳಗೆ ಉಳಿದಿದೆ. ನನ್ನನ್ನು ಕೇಳಿದರೆ ಮೊಂತೆರಿಜ್ಜೋನಿಯಲ್ಲಿ ಒಂದು ಗಂಟೆ ಸಾಕು, ಇಲ್ಲಿ ಒಂದು ರಾತ್ರಿ ಇರಿ.

ಇಷ್ಟೆಲ್ಲ ಹಳೆಯದು ಉಳಿದದ್ದು ಹೇಗೆ? ಯಾರೋ ಕಾಪಾಡಿದರು ಅನ್ನುವುದಕ್ಕಿಂತ, ಕೆಡವಿ ಹೊಸದು ಕಟ್ಟಲು ದುಡ್ಡಿರಲಿಲ್ಲ ಅನ್ನುವುದೇ ಸರಿ. ಸಾನ್ ಜಿಮಿನ್ಯಾನೊ ಕೇಸರಿ ಮಾರಿ, ದಾರಿಹೋಕರಿಂದ ದುಡಿದು, 70ಕ್ಕೂ ಜಾಸ್ತಿ ಗೋಪುರ ಕಟ್ಟಿಕೊಂಡಿದ್ದ ಊರು ಎನ್ನುತ್ತಾರೆ. ಈಗ ಉಳಿದಿರುವುದು 14. 1348ರ ಪ್ಲೇಗ್‌ನಲ್ಲಿ ಜನ ಸತ್ತರು, ಊರು ಫ್ಲಾರೆನ್ಸ್ ಕೈಗೆ ಹೋಯಿತು, ದೊಡ್ಡ ಓಡಾಟ ಕೆಳಗಿನ ಎಲ್ಸಾ ಕಣಿವೆಗೆ ಇಳಿಯಿತು. ಮತ್ತೆ ಕಟ್ಟುವವರೇ ಇಲ್ಲ. ಸಿಯೆನಾದಲ್ಲಿ ಇದು ಇನ್ನೂ ಎದೆಗೆ ತಾಗುತ್ತದೆ. ಇದ್ದ ಕೆಥೆಡ್ರಲ್ ಸಾಲದು ಅಂತ ಅದಕ್ಕಿಂತ ಬಹಳ ದೊಡ್ಡದನ್ನು ಶುರು ಮಾಡಿದರು, ಪ್ಲೇಗ್ ಬಂತು, ಕೆಲಸ ನಿಂತಿತು. ಸೂರಿಲ್ಲದ ಆ ದೊಡ್ಡ ಗೋಡೆ, ಆಕಾಶ ಕಾಣುವ ಕಿಟಕಿಯ ಜೊತೆ, ಇವತ್ತಿಗೂ ನಿಂತಿದೆ. ಅದರ ಬುಡದಲ್ಲಿ ನಿಂತು ಮೇಲೆ ನೋಡದೆ ಬರಬೇಡಿ.

ಪೂರ್ತಿ ಹೋಗಿಬಿಟ್ಟ ಊರುಗಳೂ ಇವೆ. ಸಾನ್ ಮಿನಿಯಾತೊ ಕೆಳಗೆ ಸಾನ್ ಜೆನೇಸಿಯೊ ಎಂಬ ದೊಡ್ಡ ಊರಿತ್ತು, ಸಿಗೆರಿಕ್ ಪಟ್ಟಿಯ 22ನೆಯದು. 1248ರಲ್ಲಿ ಸಾನ್ ಮಿನಿಯಾತೊದವರೇ ಅದನ್ನು ನೆಲಸಮ ಮಾಡಿದರು. ಅಗೆದು ತೆಗೆದ ಅಡಿಪಾಯಗಳು ಹೊಲದ ನಡುವೆ ಇವೆ. ಇತಿಹಾಸ ಪಾಠ ಮಾಡಿದ ನಿಮಗೆ ಅದು ಗೋಪುರಕ್ಕಿಂತ ಹೆಚ್ಚು ಹಿಡಿಸಬಹುದು.

ಲುಕ್ಕಾದಲ್ಲಿ ಎರಡು ದಿನ ಇಡಿ. ಸಾನ್ ಮಾರ್ತಿನೊ ಕೆಥೆಡ್ರಲ್‌ನ ಮುಂಭಾಗದಲ್ಲಿ ಸಾಲು ಸಾಲು ಪುಟ್ಟ ಕಂಬಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ. ಒಳಗೆ ಹೋಗುವ ಮೊದಲು ಮುಖಮಂಟಪದ ಒಂದು ಕಂಬದಲ್ಲಿ, ಕೈಗೆ ಸಿಗುವ ಎತ್ತರದಲ್ಲಿ, ತಟ್ಟೆಯಷ್ಟು ದೊಡ್ಡ ಚಕ್ರವ್ಯೂಹ ಕೊರೆದಿದೆ. ಒಂದೇ ದಾರಿ, ಸುತ್ತಿ ಸುತ್ತಿ ನಡುವಿಗೆ ಹೋಗುತ್ತದೆ. ಬಂದವರೆಲ್ಲ ಬೆರಳಿಟ್ಟು ಆ ದಾರಿ ಹಿಡಿದು ಹಿಡಿದು ಕಲ್ಲು ನುಣುಪಾಗಿ ಸವೆದಿದೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಒಳಗಿರುವ ವೊಲ್ತೊ ಸಾಂತೊ ಎಂಬ ಮರದ ಶಿಲುಬೆ ಮೂರ್ತಿಯ ದರ್ಶನಕ್ಕೆ ಮಧ್ಯಯುಗದಲ್ಲಿ ಯುರೋಪ್ ತುಂಬ ಜನ ಬರುತ್ತಿದ್ದರು. ಏಸುವನ್ನು ಕಣ್ಣಾರೆ ಕಂಡ ನಿಕೊದೇಮನೇ ಕೆತ್ತಿದ್ದು ಎಂಬುದು ನಂಬಿಕೆ. ವಿದ್ವಾಂಸರಲ್ಲಿ ಹಲವರು ಬಹುಕಾಲ ಇದು 12ನೇ ಶತಮಾನದ ಹೊತ್ತಿನ ಪ್ರತಿ ಅಂದುಕೊಂಡಿದ್ದರು. 2020ರಲ್ಲಿ ಕಾರ್ಬನ್ ಪರೀಕ್ಷೆಯ ಫಲಿತಾಂಶ ಬಂತು: ಮರ 8ನೇ ಶತಮಾನದ ಕೊನೆಯಿಂದ 9ನೇ ಶತಮಾನದ ನಡುವಿನದು. ನಿಕೊದೇಮನ ಕಾಲದ್ದಲ್ಲ, ಆದರೆ ತಿಳಿದವರು ಅಂದುಕೊಂಡದ್ದಕ್ಕಿಂತ ಮುನ್ನೂರು ವರ್ಷ ಹಳೆಯದು! ಪ್ರತಿ ಅಂತ ತಳ್ಳಿಹಾಕಿದ್ದೇ ಕೊನೆಗೆ ಅಸಲಿ ಆಯಿತು ನೋಡಿ.

ತಂಗುದಾಣದ ವಿಷಯದಲ್ಲಿ ಒಂದು ಮಾತು ನಿಮ್ಮ ಭಯ ಕಳೆಯಬಹುದು. ಈ ದಾರಿಯ ಹಳೇ ದಾಖಲೆಗಳಲ್ಲಿ ಸ್ಪೆದಾಲೆ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಆಸ್ಪತ್ರೆ ಅಂತ ಅನುವಾದ ಮಾಡುತ್ತಾರೆ, ಆದರೆ ನಮ್ಮ ಧರ್ಮಛತ್ರಕ್ಕೆ ಅದು ಹೆಚ್ಚು ಹತ್ತಿರ. ದಾರಿಹೋಕರಿಗೆ ಊಟ, ಹಾಸಿಗೆ, ಕಾಯಿಲೆ ಬಿದ್ದರೆ ಆರೈಕೆ. ಆಲ್ತೊಪಾಶೊದಲ್ಲಿ ಅಂಥದ್ದು 11ನೇ ಶತಮಾನದಿಂದ ಇತ್ತು, ಅದನ್ನು ನಡೆಸುತ್ತಿದ್ದವರು ಮೇಲಂಗಿಯ ಮೇಲೆ T ಆಕಾರದ ತಾವ್ ಎಂಬ ಅಕ್ಷರ ಧರಿಸುತ್ತಿದ್ದರು. ಊರಿನ ಗಂಟೆಗೋಪುರದಲ್ಲಿ 1327ರ ಒಂದು ಗಂಟೆಯಿದೆ, ಹೆಸರು ಸ್ಮರ್ರೀತಾ, ದಾರಿ ತಪ್ಪಿದವಳು ಅಂತ. ಸುತ್ತಲಿನ ಕಾಡಿನಲ್ಲಿ ಕತ್ತಲಾದ ಮೇಲೆ ದಾರಿ ತಪ್ಪಿದವರು ಸದ್ದು ಹಿಡಿದು ಬರಲಿ ಅಂತ ಸಂಜೆ ಅದನ್ನು ಬಾರಿಸುತ್ತಿದ್ದರು. ಸಿಯೆನಾದ ಕೆಥೆಡ್ರಲ್ ಎದುರಿಗಿರುವ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಇವುಗಳಲ್ಲಿ ದೊಡ್ಡದು. 1440ರ ದಶಕದಲ್ಲಿ ದೊಮೆನಿಕೊ ದಿ ಬಾರ್ತೊಲೊ ಅದರ ಯಾತ್ರಿಕರ ಹಾಲ್‌ನಲ್ಲಿ ಬರೆದ ಗೋಡೆಚಿತ್ರ ನೋಡಿ: ತೊಡೆಯಲ್ಲಿ ಗಾಯವಾದ ಹುಡುಗನ ಕಾಲು ತೊಳೆಯುತ್ತಿದ್ದಾರೆ, ವೈದ್ಯರು ಮೂತ್ರದ ಸೀಸೆ ಹಿಡಿದು ಚರ್ಚೆ ಮಾಡುತ್ತಿದ್ದಾರೆ, ಕೆಳಗೆ ಒಂದು ನಾಯಿ ಬೆಕ್ಕಿನ ಜೊತೆ ಜಗಳಕ್ಕೆ ಬಿದ್ದಿದೆ. ಇದೇ ಹಾಲ್‌ನಲ್ಲಿ 20ನೇ ಶತಮಾನದಲ್ಲೂ ರೋಗಿಗಳ ಮಂಚಗಳಿದ್ದವು. ಲೇಖಕ ಇಟಾಲೊ ಕಾಲ್ವಿನೊ 1985ರಲ್ಲಿ ತೀರಿಕೊಂಡದ್ದು ಈ ಆಸ್ಪತ್ರೆಯಲ್ಲೇ. ಈಗ ಮ್ಯೂಸಿಯಂ.

ಹಾಗಾಗಿ ಕ್ರೈಸ್ತರಲ್ಲ ಅಂತ ಹಿಂಜರಿಯಬೇಡಿ. ಯಾತ್ರಿಕರ ಪಾಸ್‌ಪುಸ್ತಕ, ಅದಕ್ಕೆ ಕ್ರೆದೆಂಜಿಯಾಲೆ ಎನ್ನುತ್ತಾರೆ, ಯಾವ ಧರ್ಮದವರಿಗೂ ಕೊಡುತ್ತಾರೆ. ಹೊರಡುವ ಮೊದಲೇ ತರಿಸಿಕೊಳ್ಳಿ, ಪ್ರತಿ ಊರಲ್ಲೂ ಅದರ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ತಂಗುದಾಣದಲ್ಲಿ ನನ್ನ ಧರ್ಮ ಯಾವುದು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಒಂದು ಕಡೆ ಊಟಕ್ಕೆ ಮೊದಲು ಬಂದವರೆಲ್ಲರ ಪಾದ ತೊಳೆದರು, ನನ್ನದೂ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನೆನಪಾಯಿತು, ಕಣ್ಣು ತುಂಬಿತು. ನೀವು ಗಮನಿಸಬೇಕಾದದ್ದು ಬೇರೆ: ಅಲ್ಲಿ ಬಹುಪಾಲು ಮೇಲೊಂದು ಕೆಳಗೊಂದು ಮಂಚ, ಎಲ್ಲರಿಗೂ ಸೇರಿ ಒಂದು ಕೋಣೆ, ಬೆಳಿಗ್ಗೆ ಬೇಗ ಖಾಲಿ ಮಾಡಬೇಕು. ದರ ಬರೆದಿರದ ಕಡೆ ಪೆಟ್ಟಿಗೆಗೆ ಕಾಣಿಕೆ ಹಾಕಬೇಕು, ಪುಕ್ಕಟೆ ಅಂತ ತಿಳಿಯಬಾರದು. ಮಂಡಿನೋವಿರುವ ಯಜಮಾನರಿಗೆ ಮೇಲಿನ ಮಂಚ ಆಗುವುದಿಲ್ಲ, ಮೊದಲೇ ಫೋನ್ ಮಾಡಿ ಕೆಳಗಿನದು ಕೇಳಿ. ಇಲ್ಲದಿದ್ದರೆ ಒಂದು ದಿನ ತಂಗುದಾಣ, ಒಂದು ದಿನ ಸಣ್ಣ ಹೋಟೆಲ್ ಅಂತ ಮಾಡಿಕೊಳ್ಳಿ.

ನಡಿಗೆ ಒಟ್ಟು ಸುಮಾರು 135 ಕಿಲೋಮೀಟರ್. ಮಾರ್ಗದರ್ಶಿ ಪುಸ್ತಕದ ಪ್ರಕಾರ 6 ದಿನ, ನಿಮಗೆ 6 ದಿನದಲ್ಲಿ ಬೇಡ. ಲುಕ್ಕಾ–ಆಲ್ತೊಪಾಶೊ 18 ಕಿಲೋಮೀಟರ್ ಹೆಚ್ಚಾಗಿ ಟಾರ್ ರಸ್ತೆ, ಕಾರ್ಖಾನೆ, ಗೋದಾಮು. ಗಂಟೆಗಟ್ಟಲೆ ಗಟ್ಟಿ ಟಾರ್ ರಸ್ತೆ ಮಂಡಿಗೆ ಹಿತವಲ್ಲ. ಅಲ್ಲಿಗೆ ರೈಲಿದೆ, ಸುಮ್ನೆ ರೈಲಿನಲ್ಲಿ ಹೋಗಿ. ಮುಂದೆ ಸಾನ್ ಮಿನಿಯಾತೊವರೆಗೆ 29, ಅದನ್ನು ಪೊಂತೆ ಆ ಕಪ್ಪಿಯಾನೊ ಅಥವಾ ಫುಚೆಕ್ಕಿಯೊದಲ್ಲಿ ಮುರಿಯಿರಿ. ಮೊದಲನೆಯದರಲ್ಲಿ ಸೂರು ಹೊದಿಸಿದ ಹಳೇ ಸೇತುವೆಯೊಳಗೇ ತಂಗುದಾಣವಿದೆ. ಸಾನ್ ಮಿನಿಯಾತೊದಿಂದ ಗಂಬಾಸ್ಸಿಗೆ 24 ಕಿಲೋಮೀಟರ್, ಇಡೀ ದಾರಿಯಲ್ಲಿ ಅತ್ಯಂತ ಸುಂದರ, ಅತ್ಯಂತ ಅಪಾಯದ ದಿನವೂ ಹೌದು. ನೆರಳಿಲ್ಲ, ಅಂಗಡಿಯಿಲ್ಲ, ನೀರು ಸಿಗುವುದು ಕಷ್ಟ. ತಲಾ 2 ಲೀಟರ್‌ಗಿಂತ ಕಡಿಮೆ ಒಯ್ಯಬೇಡಿ. ನಡುವೆ ಕೊಯಾನೊ ದಿಬ್ಬದ ಮೇಲೆ ಒಂಟಿ ಚರ್ಚ್ ಸಿಗುತ್ತದೆ, ಅದು ಸಿಗೆರಿಕ್ ಪಟ್ಟಿಯ 21ನೆಯದು. ಗಂಬಾಸ್ಸಿ ಹತ್ತಿರದ ಕಿಯಾನ್ನಿ ಚರ್ಚ್ 20ನೆಯದು, ಪಕ್ಕದಲ್ಲೇ ತಂಗುದಾಣ. ಅಲ್ಲಿಂದ ಸಾನ್ ಜಿಮಿನ್ಯಾನೊ 13, ಆರಾಮಾಗಿ ಮಧ್ಯಾಹ್ನಕ್ಕೆ ಮುಟ್ಟುತ್ತೀರಿ. ಹಗಲು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬಸ್ಸುಗಳು ಹೋದಮೇಲೆ ಸಂಜೆ ಊರು ನಿಮ್ಮದು. ಮೊಂತೆರಿಜ್ಜೋನಿಗೆ 31, ಇದನ್ನು ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಎರಡು ಮಾಡಿ. ಮಳೆ ಬಂದಿದ್ದರೆ ಈ ಭಾಗದ ಜೇಡಿಮಣ್ಣು ಬೂಟಿಗೆ ಕೆಜಿಗಟ್ಟಲೆ ಅಂಟುತ್ತದೆ, ಹಳ್ಳ ದಾಟುವ ಕಡೆ ಕಲ್ಲು ಜಾರುತ್ತದೆ, ಮಂಡಿ ತಿರುಚುವುದು ಇಂಥಲ್ಲೇ. ಅಂಥ ದಿನ ಬಸ್ಸು ಹಿಡಿಯುವುದರಲ್ಲಿ ನಾಚಿಕೆ ಏನಿಲ್ಲ. ಕೊನೆಯ 20 ಕಿಲೋಮೀಟರ್ ಸಿಯೆನಾಗೆ, ಬಹುಪಾಲು ಕಾಡು.

ಯಜಮಾನರ ಮಂಡಿ ಇಳಿಜಾರಿನಲ್ಲಿ ನೋಯುತ್ತದೆಯಾ, ಏರಿನಲ್ಲಾ ಎಂದು ಈಗಲೇ ನೋಡಿಕೊಳ್ಳಿ. ಇಳಿಜಾರಿನಲ್ಲಾದರೆ ಎರಡು ಊರುಗೋಲು ಬೇಕೇ ಬೇಕು. ಹೊರಡುವ ಮೂರು ತಿಂಗಳು ಮೊದಲಿಂದ ವಾರಕ್ಕೆರಡು ದಿನ 15 ಕಿಲೋಮೀಟರ್ ನಡೆದು ನೋಡಿ, ಮಾರನೇ ದಿನ ಮಂಡಿ ಊದಿದರೆ ವೈದ್ಯರನ್ನು ಕೇಳದೆ ಟಿಕೆಟ್ ಬುಕ್ ಮಾಡಬೇಡಿ. ಬ್ಯಾಗನ್ನು ಮುಂದಿನ ಊರಿಗೆ ಸಾಗಿಸುವ ಸೇವೆಗಳಿವೆ, ಬಳಸಿಕೊಳ್ಳಿ. ಹೋಗುವುದು ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯ. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದು ಸಾಮಾನ್ಯ, ಆ ಬಿಸಿಲಲ್ಲಿ ಗಂಬಾಸ್ಸಿ ದಾರಿ ನಿಮ್ಮ ವಯಸ್ಸಿಗೆ ಬೇಡವೇ ಬೇಡ.

ಏಜೆಂಟ್ ಸರ್ಟಿಫಿಕೇಟ್ ಬಗ್ಗೆ ಏನಾದರೂ ಹೇಳಿದ್ದರೆ, ರೋಮ್‌ನಲ್ಲಿ ಕೊಡುವ ತೆಸ್ತಿಮೋನಿಯುಮ್ ಪತ್ರ ಕೊನೆಯ 100 ಕಿಲೋಮೀಟರ್ ನಡೆದವರಿಗೆ. ಅದು ಬೇಕಿದ್ದರೆ ವಿತೆರ್ಬೊದಿಂದ ರೋಮ್‌ಗೆ ನಡೆಯಬೇಕು. ಅಲ್ಲೂ ಚೆನ್ನಾಗಿದೆ, ಸೂತ್ರಿಯಲ್ಲಿ ಬಂಡೆಯಲ್ಲೇ ಕೊರೆದ ರೋಮನ್ ರಂಗಸ್ಥಳವಿದೆ, ಆದರೆ ಕೊನೇ ದಿನ ವಾಹನಗಳ ಗದ್ದಲ ಜಾಸ್ತಿ. ನೀವು ಬರೆದಿರುವ ಆಸೆಗೆ ಲುಕ್ಕಾ–ಸಿಯೆನಾ ಸರಿಯಾದ ಆಯ್ಕೆ.

ಊಟಕ್ಕೆ ತೊಂದರೆಯಿಲ್ಲ, ಎಚ್ಚರ ಬೇಕು. ತಸ್ಕನಿಯ ಬಡವರ ಅಡುಗೆಯೇ ಬ್ರೆಡ್, ಬೀನ್ಸ್, ಸೊಪ್ಪು, ಟೊಮೆಟೊ. ಪಪ್ಪಾ ಅಲ್ ಪೊಮೊದೊರೊ ಎಂಬ ಬ್ರೆಡ್ಡು–ಟೊಮೆಟೊ ಗಂಜಿ, ಲುಕ್ಕಾ ಕಡೆ ಕಡಲೆಹಿಟ್ಟಿನ ಚೆಚೀನಾ ನಿಮಗೆ ಹಿಡಿಸುತ್ತದೆ. ಆದರೆ "ಮಾಂಸ ಬೇಡ" ಅಂದರೆ ಕೆಲವರು ಹಂದಿಯ ಪ್ರೊಶ್ಯುತ್ತೊವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೂಪಿಗೆ ಮಾಂಸದ ಸಾರು ಹಾಕಿರುತ್ತಾರೆ. "ಸೋನೊ ವೆಜೆತರಿಯಾನಾ" (ನಾನು ಸಸ್ಯಾಹಾರಿ) ಅಂತ ಹೇಳಿ, ಬ್ರೋದೊ, ಅಂದರೆ ಸಾರು, ಯಾವುದರದು ಅಂತ ಕೇಳಿ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ, ಅಷ್ಟು ಕಟ್ಟುನಿಟ್ಟಾದರೆ ಅದನ್ನೂ ಬಿಡಿ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಒಂದು ಡಬ್ಬಿ ಚಟ್ನಿಪುಡಿ ಬ್ಯಾಗಿನಲ್ಲಿರಲಿ.

ಕೊನೆಗೆ ಚರ್ಚುಗಳ ಸಮಯ. ಹೆಚ್ಚಿನವು ಮಧ್ಯಾಹ್ನ 12ರ ಹೊತ್ತಿಗೆ ಮುಚ್ಚಿ 3ರ ಮೇಲೆ ತೆರೆಯುತ್ತವೆ, ಹಳ್ಳಿಯವು ವಾರವಿಡೀ ಬೀಗ ಹಾಕಿರಬಹುದು. ಪಕ್ಕದ ಕಾಫಿ ಅಂಗಡಿಯಲ್ಲಿ ಕೇಳಿ, ಕೀಲಿ ಯಾರ ಮನೆಯಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಪೂಜೆ ನಡೆಯುತ್ತಿದ್ದರೆ ಹಿಂದೆ ಸುಮ್ಮನೆ ಕೂತುಕೊಳ್ಳಿ, ಫೋಟೋ ಬೇಡ. ಸಿಯೆನಾ ಕೆಥೆಡ್ರಲ್‌ನ ಅಮೃತಶಿಲೆಯ ಚಿತ್ರನೆಲವನ್ನು ವರ್ಷದ ಸ್ವಲ್ಪ ಕಾಲ ಮಾತ್ರ ಪೂರ್ತಿ ತೆರೆದಿಡುತ್ತಾರೆ, ಅಲ್ಲಿನ ಬೇಸಿಗೆಯಿಂದ ಅಕ್ಟೋಬರ್ ತನಕದ ಅವಧಿಯಲ್ಲಿ. ಆ ವರ್ಷದ ತಾರೀಕು ನೋಡಿಕೊಂಡು, ಅದಕ್ಕೆ ಸರಿಯಾಗಿ ಲುಕ್ಕಾ ಬಿಡುವ ದಿನ ಗೊತ್ತುಮಾಡಿ.